ಒಂಬತ್ತನೇ ಕ್ಲಾಸಿಗೆ "ಕಾಡಿಗೆ ಬರುವ ಜನ" ಪಾಠ ಹೇಗೆ ಮಾಡೋದು? ಕೊಡಗಿನವರು ಸ್ವಲ್ಪ ಹೇಳಿ

ಸೋಷಿಯಲ್ ಟೀಚರ್ (ಮಡಿಕೇರಿ ಕಡೆ)

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಈ ವರ್ಷ ಒಂಬತ್ತನೇ ಕ್ಲಾಸಿಗೆ ಇಕೋ ಕ್ಲಬ್ ಲೆಕ್ಕದಲ್ಲಿ ಐದು ಪಿರಿಯಡ್ ಸಿಕ್ಕಿದೆ. ಕಾಡು, ಬೆಟ್ಟ, ಜಲಪಾತ ನೋಡಲು ಬರುವ ಜನರನ್ನು ಹೇಗೆ ನಿಭಾಯಿಸಬೇಕು, ಜಾಗವೂ ಉಳಿಯಬೇಕು ಬಂದವರಿಗೂ ಖುಷಿಯಾಗಬೇಕು ಊರಿನವರ ಹೊಟ್ಟೆಯೂ ತುಂಬಬೇಕು ಅಂದರೆ ಏನೇನು ಮಾಡಬಹುದು ಅನ್ನುವುದನ್ನು ಹೇಳಿಕೊಡಬೇಕು ಅಂತ ಆಸೆ. ನಮ್ಮ ಮಕ್ಕಳು ಇರುವುದೇ ಅಂಥ ಜಾಗದಲ್ಲಿ ಅಲ್ವಾ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಂತ ಮೂರು ವನ್ಯಜೀವಿಧಾಮ, ಆ ಕಡೆ ನಾಗರಹೊಳೆ. 2012ರಲ್ಲಿ ಯುನೆಸ್ಕೋದವರು ಪಶ್ಚಿಮ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಈ ಮೂರು ಧಾಮಗಳೂ ಅದರಲ್ಲಿದ್ದವು. ಬೇರೆ ದೇಶದ ಫೋಟೋ ತೋರಿಸಿ ಪಾಠ ಮಾಡುವ ಅಗತ್ಯವೇ ಇಲ್ಲ.

ಆದರೆ ಮೊದಲ ದಿನವೇ ಸಿಕ್ಕಿಹಾಕಿಕೊಂಡೆ. ಮಾಂದಲಪಟ್ಟಿ ಅಂದರೆ ಇಲ್ಲೇ ಹತ್ತಿರದ, ಜನ ಜೀಪಿನಲ್ಲಿ ಹೋಗಿ ನೋಡುವ ಬೆಟ್ಟ. "ಮಾಂದಲಪಟ್ಟಿಗೆ ಜನ ಜಾಸ್ತಿ ಆದರೆ ಏನು ಮಾಡಬೇಕು?" ಅಂತ ಒಂದು ಪುಟ ಬರೆಯಲು ಹೇಳಿದ್ದೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಉತ್ತರ. ಕಸ ಹಾಕಬಾರದು, ಪ್ಲಾಸ್ಟಿಕ್ ನಿಷೇಧಿಸಬೇಕು, ದಂಡ ಹಾಕಬೇಕು, ಪ್ರಕೃತಿಯನ್ನು ಪ್ರೀತಿಸಬೇಕು. ಅಕ್ಷರ ಚೆನ್ನಾಗಿದೆ, ಸುತ್ತ ಬಾರ್ಡರ್ ಹಾಕಿದ್ದಾರೆ, ಮರದ ಚಿತ್ರ ಬಿಡಿಸಿದ್ದಾರೆ. ಒಬ್ಬ ಹುಡುಗ ಮಾತ್ರ ಒಂದೇ ಸಾಲು ಬರೆದಿದ್ದ: "ಜನ ಬರದಿದ್ದರೆ ನಮ್ಮ ಅಪ್ಪನ ಜೀಪಿನ ಕಂತು ಯಾರು ಕಟ್ಟುತ್ತಾರೆ ಟೀಚರ್?"

ಪೆನ್ನು ಕೆಳಗಿಟ್ಟು ತುಂಬಾ ಹೊತ್ತು ಸುಮ್ನೆ ಕೂತೆ. ಮಾರನೇ ದಿನ ಕ್ಲಾಸಿನಲ್ಲಿ ಕೇಳಿದೆ, ಯಾರ ಮನೆಯಲ್ಲಿ ಟೂರಿಸ್ಟ್‌ಗಳಿಂದ ದುಡ್ಡು ಬರುತ್ತದೆ ಅಂತ. ಜೀಪು, ಹೋಂಸ್ಟೇ, ಹೋಂಸ್ಟೇಯಲ್ಲಿ ಅಡುಗೆ ಕೆಲಸ, ಏಲಕ್ಕಿ ಜೇನು ಮಾರುವ ಅಂಗಡಿ, ಬಟ್ಟೆ ಒಗೆದು ಕೊಡುವ ಕೆಲಸ. ಅರ್ಧಕ್ಕಿಂತ ಜಾಸ್ತಿ ಕೈ ಮೇಲೆದ್ದವು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಈ ಮಕ್ಕಳು ಚಿಕ್ಕವರು. ಆಮೇಲೆ ಜನ ಬರುವುದು ನಿಂತು ಹೋಗಿದ್ದು, ಸ್ವಲ್ಪ ಚೇತರಿಸಿಕೊಂಡೆವು ಅನ್ನುವಾಗ ಕೊರೊನಾ ಬಂದಿದ್ದು, ಅದೆಲ್ಲ ಅವರ ಮನೆಗಳಲ್ಲಿ ಇನ್ನೂ ಮಾತಾಗುತ್ತದೆ. ಇಂಥ ಮಕ್ಕಳ ಮುಂದೆ ನಿಂತು "ಪ್ರವಾಸಿಗರಿಂದ ಪರಿಸರ ಹಾಳು" ಅಂತ ಹೇಳಿದರೆ ಅವರಪ್ಪ ಅಮ್ಮನ ಕೆಲಸವನ್ನೇ ತಪ್ಪು ಅಂದ ಹಾಗೆ ಆಗುತ್ತದೆ. ಹಾಗಂತ ಏನೂ ಆಗಿಲ್ಲ ಅಂತ ಹೇಳುವುದೂ ಸುಳ್ಳು.

ಹಾಗಾಗಿ ಎರಡು ಪ್ರಶ್ನೆ. ಪೋಸ್ಟರ್, ಘೋಷಣೆ ಬಿಟ್ಟು ಮಕ್ಕಳೇ ಕೈಯಾರೆ ಮಾಡುವಂಥ ಏನಾದರೂ ಇದೆಯಾ? ದುಡ್ಡು ಖರ್ಚಿಲ್ಲದ್ದು ಬೇಕು. ಇನ್ನೊಂದು, "ಎಷ್ಟು ಜನ ಬಂದರೆ ಸರಿ" ಅಂತ ಲೆಕ್ಕ ಹಾಕುವ ದಾರಿ ಇದೆಯಾ, ಒಂಬತ್ತನೇ ಕ್ಲಾಸಿನವರಿಗೆ ಅರ್ಥ ಆಗುವಂಥದ್ದು?

ರಿಟೈರ್ಡ್ ಮೇಷ್ಟ್ರು, ವಿರಾಜಪೇಟೆ

ಟೀಚರ್, ಆ ಒಂದು ಸಾಲು ಬರೆದ ಹುಡುಗನನ್ನು ಬಿಡಬೇಡಿ. ನಿಮ್ಮ ಪಾಠ ಶುರುವಾಗುವುದೇ ಅಲ್ಲಿಂದ.

ಕೈಯಾರೆ ಮಾಡುವ ಕೆಲಸ ಅಂದರೆ ನನಗೆ ಗೊತ್ತಿರುವುದು ಒಂದೇ, ದಾರಿ ಅಳೆಯುವುದು. ನಾನು ಭೂಗೋಳ ಪಾಠ ಮಾಡುತ್ತಿದ್ದಾಗ ಹಲವು ವರ್ಷ ಮಾಡಿಸಿದ್ದೇನೆ. ಜನ ನಡೆದು ಆದ ಕಾಲುದಾರಿ ಇರುವ ಯಾವುದಾದರೂ ಬೆಟ್ಟ ಸಾಕು, ದೊಡ್ಡ ಹೆಸರಿನ ಜಾಗವೇ ಬೇಕಾಗಿಲ್ಲ. ಬುಡದಲ್ಲಿ ಒಂದು ಕಡೆ, ನಡುವೆ ಒಂದು ಕಡೆ, ಜನ ನಿಂತು ಫೋಟೋ ತೆಗೆಯುವ ಜಾಗದ ಹತ್ತಿರ ಒಂದು ಕಡೆ, ಮೂರು ಕಡೆ ದಾರಿಯ ಅಗಲ ಅಳೆಯಿರಿ. ಅಗಲ ಅಂದರೆ ಬರೀ ಮಣ್ಣು ಕಾಣುವ ಭಾಗ ಅಷ್ಟೇ ಅಲ್ಲ, ಹುಲ್ಲು ಮಲಗಿರುವ ಅಂಚನ್ನೂ ಬೇರೆ ಅಳೆಯಬೇಕು. ಮಕ್ಕಳು ಮೊದಲು ಇದನ್ನು ಗಮನಿಸುವುದಿಲ್ಲ. ತೋರಿಸಿದ ಮೇಲೆ ಕಣ್ಣು ಬಿಡುತ್ತಾರೆ.

ಆಮೇಲೆ ನಾಲ್ಕು ಬಿದಿರು ಕಡ್ಡಿ ಕಟ್ಟಿ ಒಂದು ಮೀಟರ್ ಚೌಕ ಮಾಡಿಕೊಳ್ಳಿ. ದಾರಿಯ ನಡುವೆ ಒಮ್ಮೆ ಇಡಿ, ಅಂಚಿನಲ್ಲಿ ಒಮ್ಮೆ, ಹತ್ತು ಹೆಜ್ಜೆ ಆಚೆ ಒಮ್ಮೆ. ಚೌಕದ ಒಳಗೆ ಎಷ್ಟು ಭಾಗ ಹಸಿರು, ಎಷ್ಟು ಬಗೆಯ ಗಿಡ, ಅಷ್ಟೇ ಬರೆದುಕೊಳ್ಳಲಿ. ಗಿಡದ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಂದೊಂದು ಎಲೆಗೆ ಒಂದೊಂದು ನಂಬರ್ ಕೊಡಿ.

ನನ್ನ ಮಕ್ಕಳಿಗೆ ತುಂಬಾ ಇಷ್ಟವಾಗುತ್ತಿದ್ದದ್ದು ನೀರಿನ ಪ್ರಯೋಗ. ಹಾಲಿನ ಪುಡಿ ಡಬ್ಬದ ಎರಡೂ ಕಡೆ ತೆಗೆದು ಕೊಳವೆ ತರ ಮಾಡಿ, ಮಣ್ಣಿಗೆ ಎರಡು ಬೆರಳಷ್ಟು ಆಳಕ್ಕೆ ಒತ್ತಿ ನಿಲ್ಲಿಸಿ, ಅರ್ಧ ಲೀಟರ್ ನೀರು ಹಾಕಿ ಎಷ್ಟು ಹೊತ್ತಿಗೆ ಇಂಗುತ್ತದೆ ಅಂತ ನೋಡುವುದು. ಹುಲ್ಲಿನ ಕೆಳಗಿನ ಮಣ್ಣು ಗಟಗಟ ಕುಡಿದುಬಿಡುತ್ತದೆ. ದಾರಿಯ ನಡುವಿನ ಮಣ್ಣಿನಲ್ಲಿ ಡಬ್ಬವನ್ನು ಒತ್ತುವುದೇ ಕಷ್ಟ, ನೀರು ಹಾಗೇ ನಿಂತು ಪಿಳಿಪಿಳಿ ನೋಡುತ್ತದೆ. ಒಂದು ಸಲ ಒಬ್ಬಳು ಹುಡುಗಿ ಬೇಜಾರಾಗಿ ಡಬ್ಬದ ಪಕ್ಕದಲ್ಲೇ ಕೂತು ತಿಂಡಿ ತಿಂದು ಮುಗಿಸಿದಳು, ನೀರು ಇನ್ನೂ ಇತ್ತು.

ನಮ್ಮ ಕೊಡಗಿನ ಮಳೆಗೆ ಇದನ್ನು ಜೋಡಿಸಿ ಹೇಳಿ. ಇಂಗದ ನೀರು ದಾರಿಯಲ್ಲೇ ಹರಿಯುತ್ತದೆ, ದಾರಿ ತೋಡಾಗುತ್ತದೆ. ತೋಡಿನಲ್ಲಿ ಕಾಲಿಡಲು ಆಗದೆ ಮುಂದಿನವರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲೂ ಹುಲ್ಲು ಹೋಗುತ್ತದೆ. ಒಂದು ದಾರಿ ಎರಡಾಗಿ, ಎರಡು ನಾಲ್ಕಾಗಿ. ಯಾರೂ ಕೆಟ್ಟವರಲ್ಲ, ಎಲ್ಲರೂ ಜಾರಿ ಬೀಳದಿರಲು ನೋಡಿದವರೇ. ಮಕ್ಕಳು ಇದನ್ನು ಅರ್ಥ ಮಾಡಿಕೊಂಡರೆ "ಕಸ ಹಾಕಬಾರದು" ಅನ್ನುವ ಉತ್ತರದಿಂದ ತಾವಾಗಿಯೇ ಹೊರಗೆ ಬರುತ್ತಾರೆ. ಒಂದು ಚೂರೂ ಕಸ ಹಾಕದ ಒಳ್ಳೆಯ ಜನ ಬಂದರೂ ಬೆಟ್ಟ ಸವೆಯುತ್ತದೆ.

ಇನ್ನೊಂದು ಮಾತು. ಹೊಸ ಹುಲ್ಲಿನ ಮೇಲೆ ಮೊದಲು ನಡೆಯುವ ಕೆಲವೇ ಜನರಿಂದ ಆಗುವ ಹಾನಿ ಜಾಸ್ತಿ. ಆಗಲೇ ದಾರಿ ಆಗಿರುವ ಕಡೆ ಇನ್ನೂ ನೂರು ಜನ ನಡೆದರೆ ಅಷ್ಟೇನೂ ಹೆಚ್ಚುವುದಿಲ್ಲ. ಇದನ್ನು ಕಾಲುದಾರಿಗಳ ಮೇಲೆ ಅಧ್ಯಯನ ಮಾಡಿದವರೆಲ್ಲ ಹೇಳುತ್ತಾರೆ. ಅದಕ್ಕೇ ಒಂದೇ ದಾರಿಯಲ್ಲಿ ಹೋಗಿ ಅನ್ನುವುದು. ನಿಮ್ಮ ಮಕ್ಕಳನ್ನೂ ಆರಾರು ಜನರ ಗುಂಪು ಮಾಡಿ ಕಳಿಸಿ. ಎಲ್ಲರೂ ಒಟ್ಟಿಗೆ ಹುಲ್ಲಿಗೆ ಇಳಿದರೆ ನಾವೇ ಹೊಸ ದಾರಿ ಮಾಡಿದ ಹಾಗೆ.

ಗೇಟ್ ಡ್ಯೂಟಿ

ಮೇಷ್ಟ್ರು ಹೇಳಿದ್ದು ಸರಿ. ನಾನು ಕೆಲವು ವರ್ಷ ಟ್ರೆಕಿಂಗ್ ದಾರಿಯ ಒಂದು ಗೇಟಿನಲ್ಲಿ ದಿನಗೂಲಿ ಕೆಲಸ ಮಾಡಿದ್ದೇನೆ, ಯಾವುದು ಅಂತ ಬೇಡ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಬೆಳಗ್ಗೆ ಚೀಟಿ ಕೊಡುವಾಗ ಬ್ಯಾಗ್ ತೆಗೆಸಿ ಪ್ಲಾಸ್ಟಿಕ್ ಎಣಿಸುತ್ತಿದ್ದೆವು. ಬಾಟಲ್ ಎಷ್ಟು, ಚಿಪ್ಸ್ ಪ್ಯಾಕೆಟ್ ಎಷ್ಟು, ಎಲ್ಲ ಪುಸ್ತಕದಲ್ಲಿ. ಡೆಪಾಸಿಟ್ ದುಡ್ಡು ಇಟ್ಟುಕೊಳ್ಳುವುದು, ಸಂಜೆ ಅಷ್ಟೇ ಎಣಿಕೆ ತೋರಿಸಿದರೆ ವಾಪಸ್. ಮೊದಲು ಎಲ್ಲರಿಗೂ ಸಿಟ್ಟು. ಆದರೆ ಕೆಳಗೆ ಇಳಿಯುವಾಗ ನೋಡಬೇಕು, ತಮ್ಮ ಐದು ಬಾಟಲಿಗೆ ಒಂದು ಕಡಿಮೆ ಇದ್ದರೆ ದಾರಿಯಲ್ಲಿ ಬಿದ್ದದ್ದನ್ನು ಹೆಕ್ಕಿಕೊಂಡು ಬರುತ್ತಿದ್ದರು. ಬೋರ್ಡು ಹತ್ತು ಹಾಕಿದ್ದೆವು, ಅದರಿಂದ ಆಗದ ಕೆಲಸ ಒಂದು ಪುಸ್ತಕ ಒಂದು ಪೆನ್ನಿನಿಂದ ಆಯಿತು. ಆದರೆ ಇಬ್ಬರೇ ಇರುವಾಗ ಒಂದೇ ಸಲ ನಾಲ್ಕು ಟೆಂಪೋ ಟ್ರಾವೆಲರ್ ಬಂದು ನಿಂತರೆ ಎಣಿಸಲು ಆಗುವುದಿಲ್ಲ. ಬಿಟ್ಟುಬಿಡುತ್ತಿದ್ದೆವು. ಅದನ್ನೂ ಮಕ್ಕಳಿಗೆ ಹೇಳಿ ಟೀಚರ್. ನಿಯಮ ಎಷ್ಟೇ ಚೆನ್ನಾಗಿದ್ದರೂ ಗೇಟಿನಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಅದು ನಿಲ್ಲುತ್ತದೆ.

ಒಂದು ಆಟ ಮಾಡಿಸಿ. ಬೆಂಚು ಅಡ್ಡ ಇಟ್ಟು ಗೇಟು ಮಾಡಿ, ಇಬ್ಬರು ವಾಚರ್, ಉಳಿದವರು ಟೂರಿಸ್ಟ್, ಬ್ಯಾಗಿನಲ್ಲಿ ಏನಿದೆ ಅಂತ ತೋರಿಸಬೇಕು. ಐದೇ ನಿಮಿಷದಲ್ಲಿ ಕ್ಯೂ ಎಷ್ಟು ಉದ್ದ ಆಗುತ್ತದೆ ನೋಡಲಿ.

ಕಾಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಸುಮ್ನೆ ಹೋಗಬೇಡಿ, ರೇಂಜ್ ಆಫೀಸಿಗೆ ಅರ್ಜಿ ಕೊಡಿ. ಅರಣ್ಯ ಇಲಾಖೆಯದ್ದೇ "ಚಿಣ್ಣರ ವನ ದರ್ಶನ" ಅಂತ ಶಾಲಾ ಮಕ್ಕಳ ಕಾರ್ಯಕ್ರಮ ಇದೆ, ಅದರ ಬಗ್ಗೆಯೂ ಕೇಳಿ. ಮತ್ತೆ, ಮಳೆಗಾಲದಲ್ಲಿ ಬೇಡ. ಜಿಗಣೆಗಿಂತ ಜಾರುವುದು ಅಪಾಯ.

ಬೆಟ್ಟ ಹತ್ತುವವನು

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವನು, ಊರು ಸೋಮವಾರಪೇಟೆ. ಇನ್ನೊಂದು ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ನೀವು ನಿಭಾಯಿಸಬೇಕು ಅನ್ನುವ ಜನರಲ್ಲಿ ನಾನೂ ಒಬ್ಬ.

ನಿಮ್ಮ ಕ್ಲಾಸಿಗೆ ಒಳ್ಳೆಯ ಉದಾಹರಣೆ ಕುಮಾರ ಪರ್ವತ. 1712 ಮೀಟರ್ ಎತ್ತರ, ಪುಷ್ಪಗಿರಿ ಅಂದರೂ ಅದೇ. ಹತ್ತಲು ಎರಡು ದಾರಿ, ಸುಬ್ರಹ್ಮಣ್ಯದ ಕಡೆಯಿಂದ ಒಂದು, ನಮ್ಮ ಬೀಡಹಳ್ಳಿ ಕಡೆಯಿಂದ ಒಂದು. 2024ರ ಜನವರಿ ಕೊನೆಗೆ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನರ ವಿಡಿಯೋ ನೀವೂ ನೋಡಿರುತ್ತೀರಿ, ದೇವಸ್ಥಾನದ ಕ್ಯೂ ತರ ಸಾಲು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಟ್ರೆಕಿಂಗ್ ದಾರಿಗಳನ್ನು ನಿಲ್ಲಿಸಿತು. ಅದೇ ವರ್ಷ "ಅರಣ್ಯ ವಿಹಾರ" ವೆಬ್‌ಸೈಟ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟರು. ಒಂದೇ ವರ್ಷದಲ್ಲಿ ಗದ್ದಲ, ನಿಷೇಧ, ಬುಕಿಂಗ್, ಮಿತಿ, ನಾಲ್ಕೂ ಆಯಿತು. ಪಾಠಕ್ಕೆ ಇದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ.

ನನ್ನ ಅನುಭವದಲ್ಲಿ ಬುಕಿಂಗ್ ಬಂದ ಮೇಲೆ ಬೆಟ್ಟದಲ್ಲಿ ಹಕ್ಕಿ ಕೂಗುವುದು ಕೇಳಿಸುತ್ತದೆ. ಬರುವವರಿಗೂ ಅದೇ ಬೇಕು. ಅದಕ್ಕೇ ಮಿತಿ ಹಾಕುವುದು ಟೂರಿಸ್ಟ್‌ಗಳ ವಿರುದ್ಧ ಅಂತ ಮಕ್ಕಳಿಗೆ ಅನ್ನಿಸದಿರಲಿ.

ಲೆಕ್ಕದ ಸರ್

ಟೀಚರ್ ಅವರ ಎರಡನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

"ಎಷ್ಟು ಜನ" ಅನ್ನುವುದಕ್ಕೆ ಒಂದು ಹಳೆಯ ಲೆಕ್ಕ ಇದೆ. ಕೋಸ್ಟರಿಕಾದಲ್ಲಿ ಮಿಗೆಲ್ ಸಿಫುವೆಂಟೆಸ್ ಅನ್ನುವವರು 1992ರಲ್ಲಿ ಬರೆದದ್ದು, ಬೇರೆ ಬೇರೆ ದೇಶಗಳಲ್ಲಿ ಈಗಲೂ ಬಳಸುತ್ತಾರೆ. ಒಂಬತ್ತನೇ ಕ್ಲಾಸಿನವರಿಗೆ ಗುಣಾಕಾರ ಭಾಗಾಕಾರ ಬಂದರೆ ಸಾಕು. ಒಂದು ವ್ಯೂಪಾಯಿಂಟ್ ಇದೆ ಅಂದುಕೊಳ್ಳಿ, 400 ಚದರ ಮೀಟರ್. ಒಬ್ಬರು ಆರಾಮಾಗಿ ನಿಂತು ನೋಡಲು 4 ಚದರ ಮೀಟರ್ ಬೇಕು ಅಂದರೆ ಒಂದು ಸಲಕ್ಕೆ 100 ಜನ. ಗೇಟು ಎಂಟು ಗಂಟೆ ತೆರೆದಿರುತ್ತದೆ, ಒಬ್ಬರು ಒಂದು ಗಂಟೆ ಇರುತ್ತಾರೆ, ಹಾಗಾದರೆ ದಿನಕ್ಕೆ 800. ಇದು ಬರೀ ಜಾಗದ ಲೆಕ್ಕ.

ನಿಜವಾದ ಪಾಠ ಶುರುವಾಗುವುದು ಇಲ್ಲಿಂದ. ಆ 800ರಿಂದ ಒಂದೊಂದನ್ನೇ ಕಳೆಯುತ್ತಾ ಹೋಗಬೇಕು. ದಿನದಲ್ಲಿ ಎರಡು ಗಂಟೆ ಜೋರು ಮಳೆ, ಮಂಜು, ಏನೂ ಕಾಣುವುದಿಲ್ಲ ಅಂದರೆ ನಾಲ್ಕನೇ ಒಂದು ಭಾಗ ಹೋಯಿತು, 600. ಕಡಿದಾದ ಜಾಗದಲ್ಲಿ ಮಣ್ಣು ಸವೆಯುತ್ತದೆ, ಅಷ್ಟು ಭಾಗ ಬಿಡಬೇಕು. ಪ್ರಾಣಿ ಮರಿ ಹಾಕುವ ಕಾಲ ಇದ್ದರೆ ಅದನ್ನೂ ಕಳೆಯಬೇಕು. ಕೊನೆಗೆ ಗೇಟ್ ಡ್ಯೂಟಿ ಅಣ್ಣ ಹೇಳಿದ್ದು: ಹತ್ತು ಜನ ಸಿಬ್ಬಂದಿ ಬೇಕಾದ ಕಡೆ ನಾಲ್ಕೇ ಜನ ಇದ್ದರೆ, ಉಳಿದದ್ದರಲ್ಲಿ ನೂರಕ್ಕೆ 40ರಷ್ಟೇ. ಮಕ್ಕಳೇ ಕಳೆಯಲಿ. ಗುಂಪು ಗುಂಪಾಗಿ ಮಾಡಿಸಿದರೆ ಒಬ್ಬೊಬ್ಬರದ್ದು ಒಂದೊಂದು ಸಂಖ್ಯೆ ಬರುತ್ತದೆ. ಬರಲಿ. ಯಾಕೆ ನಿನ್ನದು 150, ಅವನದು 400 ಅಂತ ಅವರೇ ಜಗಳ ಆಡಿದಾಗ ಗೊತ್ತಾಗುತ್ತದೆ, ಈ ಸಂಖ್ಯೆ ಆಕಾಶದಿಂದ ಬೀಳುವುದಿಲ್ಲ, ಯಾರೋ ಕೂತು ತೀರ್ಮಾನ ಮಾಡಿದ್ದು ಅಂತ.

ಬೆಟ್ಟ ಹತ್ತುವ ಸರ್, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. 300 ಅನ್ನುವುದು ಎಲ್ಲ ಬೆಟ್ಟಕ್ಕೂ ಒಂದೇ ತರ ಹೊಂದುವುದಿಲ್ಲ. ಬಂಡೆ ಇರುವ ದಾರಿ ತಡೆಯುವುದನ್ನು ಹುಲ್ಲಿನ ದಾರಿ ತಡೆಯುವುದಿಲ್ಲ. ಅದಕ್ಕೇ ಅಮೆರಿಕದ ಅರಣ್ಯ ಇಲಾಖೆಯವರು 1985ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಎಷ್ಟು ಜನ ಬರಬಹುದು ಅಂತ ಕೇಳುವುದು ಬಿಟ್ಟು, ಎಷ್ಟು ಬದಲಾವಣೆಯನ್ನು ನಾವು ಒಪ್ಪುತ್ತೇವೆ ಅಂತ ಕೇಳಿದರು. ದಾರಿ ಒಂದೂವರೆ ಮೀಟರ್ ಅಗಲ ಆಗುವವರೆಗೆ ಸರಿ, ಅದು ದಾಟಿದರೆ ಏನಾದರೂ ಮಾಡಬೇಕು ಅಂತ ಮೊದಲೇ ಬರೆದಿಡುವುದು, ಆಮೇಲೆ ವರ್ಷ ವರ್ಷ ಅಳೆಯುವುದು. ಮೊಂಟಾನಾದ ಬಾಬ್ ಮಾರ್ಷಲ್ ಕಾಡಿನಲ್ಲಿ ಮೊದಲು ಮಾಡಿದರು. ಮೇಷ್ಟ್ರು ಹೇಳಿದ ಅಳತೆಗೆ ಇದು ಸರಿಯಾಗಿ ಕೂರುತ್ತದೆ ನೋಡಿ.

ಇನ್ನೊಂದು, ಜನ ತುಂಬಿದ ಜಾಗ ಅಂದರೆ ಕೆಟ್ಟ ಜಾಗ ಅಂತ ಮಕ್ಕಳು ತಿಳಿಯುತ್ತಾರೆ. ಹಾಗೇನಿಲ್ಲ. ಮಡಿಕೇರಿಯ ರಾಜಾಸೀಟ್ ಪಾರ್ಕು, ಕುಶಾಲನಗರದ ನಿಸರ್ಗಧಾಮ ನೋಡಿ. ನಿಸರ್ಗಧಾಮ ಕಾವೇರಿಯ ನಡುವಿನ ಸುಮಾರು 64 ಎಕರೆ ದ್ವೀಪ. ನಡೆಯಲು ದಾರಿ, ಟಾಯ್ಲೆಟ್, ಅಂಗಡಿ, ಪಾರ್ಕಿಂಗ್ ಎಲ್ಲ ಮಾಡಿಟ್ಟಿದ್ದಾರೆ, ಬಸ್ಸುಗಟ್ಟಲೆ ಮಕ್ಕಳು ಬಂದರೂ ಹಿಡಿಸುತ್ತದೆ. ಅಂಥ ಜಾಗಗಳು ಜನರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಒಳಗಿನ ಕಾಡಿಗೆ ಸ್ವಲ್ಪ ಉಸಿರಾಡಲು ಆಗುತ್ತದೆ. ನಾಗರಹೊಳೆಯಲ್ಲೂ ಅದೇ ವಿಚಾರ. ಉದ್ಯಾನ 643 ಚದರ ಕಿಲೋಮೀಟರ್, ಆದರೆ ಸಫಾರಿ ಎಲ್ಲ ಕಡೆ ಹೋಗುವುದಿಲ್ಲ. ಹುಲಿ ಕಾಡಿನ ಒಳಭಾಗದಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ಜಾಗ ಪ್ರವಾಸಕ್ಕೆ ಕೊಡಬಾರದು ಅಂತ 2012ರ ಮಾರ್ಗಸೂಚಿ ಇದೆ. ಮ್ಯಾಪ್ ಕೊಟ್ಟು ಬಣ್ಣ ಹಾಕಿಸಿ, ಎಲ್ಲಿ ಜನ ಇರಲಿ ಎಲ್ಲಿ ಬೇಡ ಅಂತ ಅವರೇ ಹೇಳಲಿ.

ಕಕ್ಕಬ್ಬೆ ಹೋಂಸ್ಟೇ ಅಕ್ಕ

ನಾನು ಟೀಚರ್ ಅಲ್ಲ, ಹೋಂಸ್ಟೇ ನಡೆಸುತ್ತೇನೆ, ಎರಡು ರೂಮು. ಮಗಳು ಎಂಟನೇ ಕ್ಲಾಸು. ಅವಳ ಶಾಲೆಯಲ್ಲಿ ಒಮ್ಮೆ ಪರಿಸರ ದಿನಕ್ಕೆ ಭಾಷಣ ಮಾಡಲು ಬಂದವರು ಹೋಂಸ್ಟೇಗಳಿಂದ ಕೊಡಗು ಹಾಳಾಯಿತು ಅಂದರಂತೆ. ಮಗು ಮನೆಗೆ ಬಂದು ಊಟ ಮಾಡಲಿಲ್ಲ. "ಅಮ್ಮ, ನಾವು ಹಾಳು ಮಾಡ್ತಾ ಇದ್ದೀವಾ?" ಅಂತ ಕೇಳಿತು. ನಾನು ಏನು ಹೇಳಲಿ ಹೇಳಿ. ಕಾಫಿಗೆ ರೇಟ್ ಇಲ್ಲದ ವರ್ಷಗಳಲ್ಲಿ ಆ ಎರಡು ರೂಮೇ ನಮ್ಮನ್ನು ನಡೆಸಿದ್ದು.

ಅದಕ್ಕೇ ಈ ಟೀಚರ್ ಕೇಳಿದ್ದು ನೋಡಿ ಮನಸ್ಸು ತುಂಬಿ ಬಂತು. ದಯವಿಟ್ಟು ನಮ್ಮಂಥವರನ್ನು ಕ್ಲಾಸಿಗೆ ಕರೆಯಿರಿ. ಜೀಪಿನವರನ್ನೂ ಕರೆಯಿರಿ. ನಮಗೆ ಗೊತ್ತಿರುವುದು ಪುಸ್ತಕದಲ್ಲಿ ಇಲ್ಲ. ನಮ್ಮ ಮನೆಗೆ ತಡಿಯಂಡಮೋಳ್ ಹತ್ತಲು ಬರುವವರೇ ಜಾಸ್ತಿ. 1748 ಮೀಟರ್, ಜಿಲ್ಲೆಗೇ ಎತ್ತರದ ಬೆಟ್ಟ. ಶನಿವಾರ ಭಾನುವಾರ ಬೆಟ್ಟದ ದಾರಿ ಶುರುವಾಗುವ ನಾಲ್ಕುನಾಡು ಅರಮನೆ ಹತ್ತಿರ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ, ಮಂಗಳವಾರ ಬುಧವಾರ ಒಂದು ನಾಯಿಯೂ ಇರುವುದಿಲ್ಲ. ನಾನು ಫೋನ್ ಮಾಡಿದವರಿಗೆಲ್ಲ ಹೇಳುತ್ತೇನೆ, ವಾರದ ನಡುವೆ ಬನ್ನಿ ರೂಮು ಕಡಿಮೆಗೆ ಕೊಡುತ್ತೇನೆ ಅಂತ. ಎಷ್ಟೋ ಜನ ಬಂದಿದ್ದಾರೆ. ನನಗೂ ವಾರವಿಡೀ ಕೆಲಸ, ಬೆಟ್ಟಕ್ಕೂ ಒಂದೇ ದಿನ ಭಾರ ಬೀಳುವುದಿಲ್ಲ. ಇದೂ ನಿಭಾಯಿಸುವುದೇ ಅಲ್ವಾ?

ಎಲ್ಲಿ ಮಲಗುತ್ತಾರೆ ಅನ್ನುವುದೂ ದೊಡ್ಡ ವಿಷಯ. ನಾನು ಒಮ್ಮೆ ಉತ್ತರಾಖಂಡದ ಹೂವಿನ ಕಣಿವೆಗೆ ಹೋಗಿದ್ದೆ. ಅಲ್ಲಿ ಕಣಿವೆಯೊಳಗೆ ರಾತ್ರಿ ಇರುವ ಹಾಗೇ ಇಲ್ಲ, ಸಂಜೆಯೊಳಗೆ ಹೊರಗೆ ಬರಬೇಕು. ಎಲ್ಲರೂ ಕೆಳಗೆ ಘಂಗಾರಿಯಾ ಅನ್ನುವ ಊರಿನಲ್ಲಿ ಉಳಿಯುತ್ತಾರೆ. ಕಣಿವೆಯಲ್ಲಿ ಒಂದು ಟೆಂಟ್ ಇಲ್ಲ, ಊರಿನವರಿಗೆ ಕೆಲಸ ಇದೆ. ನಮ್ಮಲ್ಲೂ ಕಾಡಿನ ಅಂಚಿಗೆ ದೊಡ್ಡ ದೊಡ್ಡದು ಕಟ್ಟುವುದಕ್ಕಿಂತ ಊರ ಮನೆಗಳಲ್ಲಿ ಉಳಿದುಕೊಳ್ಳಲಿ ಅಂತ ನನ್ನ ಆಸೆ. ನಾನು ನನ್ನ ಲಾಭಕ್ಕೆ ಹೇಳುತ್ತಿದ್ದೇನೆ ಅಂತ ಅನ್ನಿಸಬಹುದು, ಆದರೂ ನಿಜ ಅನ್ನಿಸಿದ್ದನ್ನೇ ಹೇಳುತ್ತಿದ್ದೇನೆ.

ದೇವರಕಾಡನ್ನು ಮರೆಯಬೇಡಿ. ನಮ್ಮ ಜಿಲ್ಲೆಯಲ್ಲಿ ಸಾವಿರಕ್ಕೂ ಜಾಸ್ತಿ ಇವೆ, ಹೆಚ್ಚುಕಡಿಮೆ ಪ್ರತಿ ಊರಿಗೂ ಒಂದು. ನಮ್ಮ ಊರಿನ ದೇವರಕಾಡಿಗೆ ಹಬ್ಬದ ದಿನ ಬಿಟ್ಟರೆ ಸುಮ್ನೆ ಯಾರೂ ಕಾಲಿಡುವುದಿಲ್ಲ. ಚಪ್ಪಲಿ ಹೊರಗೆ. ಕಡ್ಡಿ ಮುರಿಯುವ ಹಾಗಿಲ್ಲ. ಯಾವಾಗ ಹೋಗಬೇಕು, ಎಲ್ಲಿವರೆಗೆ, ಯಾರು, ಹೇಗೆ, ಎಲ್ಲಕ್ಕೂ ನಿಯಮ ಇದೆ. ನನ್ನ ಅಜ್ಜಿ ಅದನ್ನು ಯಾವ ಬೋರ್ಡಿನಲ್ಲೂ ಓದಲಿಲ್ಲ.

ಲೆಕ್ಕದ ಸರ್

ಅಕ್ಕ, ದೇವರಕಾಡಿನ ಮಾತು ತುಂಬಾ ಮುಖ್ಯ. ಆದರೆ ಅದರ ಇನ್ನೊಂದು ಮುಖವನ್ನೂ ಮಕ್ಕಳಿಗೆ ಹೇಳಬೇಕು ಅನ್ನಿಸುತ್ತದೆ. ದಾಖಲೆ ಪ್ರಕಾರ ಕೊಡಗಿನ ದೇವರಕಾಡುಗಳ ವಿಸ್ತೀರ್ಣ 1905ರಲ್ಲಿ 6,277 ಹೆಕ್ಟೇರ್ ಇದ್ದದ್ದು 1985ಕ್ಕೆ 2,550ಕ್ಕೆ ಇಳಿದಿತ್ತು. ಅಷ್ಟು ಹೋದದ್ದಕ್ಕೆ ಪ್ರವಾಸಿಗರು ಕಾರಣರಲ್ಲ. ನಾವೇ ಒತ್ತಿಕೊಂಡದ್ದು, ತೋಟ ಮಾಡಿದ್ದು. ಹೊರಗಿನವರನ್ನು ನಿಭಾಯಿಸುವ ಪಾಠದಲ್ಲಿ ನಮ್ಮದೂ ಒಂದು ಪುಟ ಇರಲಿ.

ಕಕ್ಕಬ್ಬೆ ಹೋಂಸ್ಟೇ ಅಕ್ಕ

ಒಪ್ಪುತ್ತೇನೆ ಸರ್. ನಮ್ಮ ಊರಿನದ್ದೂ ನನ್ನ ಅಜ್ಜಿ ಹೇಳುತ್ತಿದ್ದಷ್ಟು ದೊಡ್ಡದಾಗಿ ಈಗ ಇಲ್ಲ.

ಸೋಷಿಯಲ್ ಟೀಚರ್ (ಮಡಿಕೇರಿ ಕಡೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಯೂನಿಟ್ ಟೆಸ್ಟ್ ಇತ್ತು. ನೀವು ಹೇಳಿದ್ದನ್ನೆಲ್ಲ ಮಾಡಲು ಆಗಲಿಲ್ಲ, ಆದದ್ದನ್ನು ಹೇಳುತ್ತೇನೆ.

ಅನುಮತಿ ತೆಗೆದುಕೊಂಡು ಶಾಲೆಗೆ ಹತ್ತಿರದ ಒಂದು ಬೆಟ್ಟಕ್ಕೆ ಹೋದೆವು. ಆರಾರು ಜನ. ಮೇಷ್ಟ್ರು ಹೇಳಿದ ಹಾಗೆ ಮೂರು ಜಾಗ ಅಳೆದೆವು. ಬುಡದಲ್ಲಿ ದಾರಿ ಒಬ್ಬರು ಕೈ ಚಾಚಿದಷ್ಟು ಅಗಲ. ಮೇಲೆ ಫೋಟೋ ತೆಗೆಯುವ ಜಾಗದ ಹತ್ತಿರ ಐದು ಮಕ್ಕಳು ಕೈ ಕೈ ಹಿಡಿದು ನಿಂತರೂ ಅಂಚು ಸಿಗಲಿಲ್ಲ. ನಾವು ತಂದಿದ್ದ ಟೇಪು ಐದು ಮೀಟರಿನದ್ದು, ಅದೂ ಸಾಲಲಿಲ್ಲ, ದಾರದಿಂದ ಅಳೆದೆವು. ಅಲ್ಲಿವರೆಗೆ ಗಲಾಟೆ ಮಾಡುತ್ತಿದ್ದವರು ಅಲ್ಲಿ ಸುಮ್ಮನಾದರು. ಅದೇ ಬೆಟ್ಟಕ್ಕೆ ಎಲ್ಲರೂ ಎಷ್ಟೋ ಸಲ ಹೋಗಿದ್ದಾರೆ, ಯಾರಿಗೂ ಅದು ಬೋಳು ಅಂತ ಕಂಡಿರಲಿಲ್ಲ. ಆ ಬೆಟ್ಟವೇ ಹಾಗೆ ಅಂದುಕೊಂಡಿದ್ದರು. ಡಬ್ಬದ ನೀರು ದಾರಿಯಲ್ಲಿ ನಿಜವಾಗಿಯೂ ಇಂಗಲೇ ಇಲ್ಲ ಮೇಷ್ಟ್ರೇ, ಕೊನೆಗೆ ಡಬ್ಬ ಎತ್ತಿದಾಗ ಹರಿದು ಹೋಯಿತು. ಹೋದ ದಿಕ್ಕು ಸರಿಯಾಗಿ ತೋಡಿನ ಕಡೆಗೇ.

ಗೇಟಿನ ಆಟ ಕ್ಲಾಸಿನಲ್ಲಿ ಆಯಿತು. ಎರಡನೇ ದಿನ ಮಕ್ಕಳೇ ಕೇಳಿ ಮತ್ತೆ ಆಡಿದರು, ಈ ಸಲ ನಾಲ್ಕು ವಾಚರ್.

ಆ ಹುಡುಗನ ವಿಷಯ. ಅವನ ತಂದೆಯನ್ನು ಕ್ಲಾಸಿಗೆ ಕರೆದೆ. ಬರುವುದಿಲ್ಲ ಅಂದುಕೊಂಡಿದ್ದೆ, ಬಂದರು, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು. ಬಾಗಿಲ ಹತ್ತಿರವೇ ನಿಂತಿದ್ದರು, ಕುರ್ಚಿಯಲ್ಲಿ ಕೂರಿಸಲು ಎರಡು ಸಲ ಹೇಳಬೇಕಾಯಿತು. ಮಕ್ಕಳು ಕೇಳಿದರು, ಜೀಪುಗಳ ಸಂಖ್ಯೆ ಕಡಿಮೆ ಮಾಡಿದರೆ ನಿಮಗೆ ಏನಾಗುತ್ತದೆ ಅಂತ. ಅವರು ಸ್ವಲ್ಪ ಯೋಚಿಸಿ ಹೇಳಿದರು: ರಜೆ ದಿನಗಳಲ್ಲಿ ಮೇಲೆ ಹೋಗಿ ತಿರುಗಿಸಲು ಜಾಗ ಇಲ್ಲದೆ ಹುಲ್ಲಿನ ಮೇಲೆ ಹತ್ತಿಸುತ್ತೇವೆ, ಅದು ತಪ್ಪು ಅಂತ ನನಗೂ ಗೊತ್ತು, ಆದರೆ ಹಿಂದಿನವನು ಹಾರ್ನ್ ಹೊಡೆಯುತ್ತಿರುತ್ತಾನೆ. ಸರದಿ ಇಟ್ಟು, ಒಂದು ಹೊತ್ತಿಗೆ ಇಷ್ಟೇ ಜೀಪು ಅಂತ ಮಾಡಿ, ಎಲ್ಲರಿಗೂ ದಿನಕ್ಕೆ ಒಂದೆರಡು ಟ್ರಿಪ್ ಗ್ಯಾರಂಟಿ ಸಿಗುವುದಾದರೆ ನಾನು ಮೊದಲು ಸಹಿ ಹಾಕುತ್ತೇನೆ. ಈಗ ಬೆಳಗ್ಗೆ ನಾಲ್ಕಕ್ಕೆ ಎದ್ದು ಓಡುತ್ತೇನೆ, ಯಾಕೆಂದರೆ ನಾನು ಹೋಗದಿದ್ದರೆ ಇನ್ನೊಬ್ಬ ಹೋಗುತ್ತಾನೆ. ಎಷ್ಟೋ ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಹೂ 2021ರಲ್ಲಿ ಬಿಟ್ಟಾಗ ಅಷ್ಟು ಜನರನ್ನು ಕರೆದುಕೊಂಡು ಹೋದೆ, ನಾನು ಮಾತ್ರ ಇಳಿದು ಒಂದು ಸಲವೂ ನೋಡಲಿಲ್ಲ.

ಅದಾದ ಮೇಲೆ ಲೆಕ್ಕದ ಸರ್ ಹೇಳಿದ ಕಳೆಯುವ ಲೆಕ್ಕ ಮಾಡಿಸಿದೆ. ಜನರ ಜೊತೆಗೆ ಜೀಪನ್ನೂ ಎಣಿಸಬೇಕು ಅಂತ ಮಕ್ಕಳೇ ಹೇಳಿದರು. ಆರು ಗುಂಪಿಗೆ ಆರು ಉತ್ತರ. ಆ ಹುಡುಗನ ಗುಂಪಿನದ್ದು ಎಲ್ಲಕ್ಕಿಂತ ಕಡಿಮೆ ಸಂಖ್ಯೆ, ಆದರೆ ಅವರೊಬ್ಬರೇ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿದ್ದರು: ಒಂದು ಟ್ರಿಪ್‌ಗೆ ಡ್ರೈವರ್‌ಗೆ ಎಷ್ಟು ಉಳಿಯುತ್ತದೆ, ಕಂತು ಎಷ್ಟು, ತಿಂಗಳಿಗೆ ಎಷ್ಟು ಟ್ರಿಪ್ ಆದರೆ ಮನೆ ನಡೆಯುತ್ತದೆ. ಆ ಕಾಲಂ ಹಾಕಲು ನಾನು ಹೇಳಿರಲಿಲ್ಲ.

ಮಕ್ಕಳು ಬೆಟ್ಟದ ದಾರಿಗೆ ಒಂದು ಮಿತಿಯನ್ನೂ ಬರೆದಿಟ್ಟಿದ್ದಾರೆ, ಚಾರ್ಟ್ ಕ್ಲಾಸಿನಲ್ಲಿ ಅಂಟಿಸಿದೆ. ಆ ಮೂರು ಜಾಗಕ್ಕೂ ಬಂಡೆ, ಮರ ಗುರುತು ಬರೆದುಕೊಂಡಿದ್ದೇವೆ. ಮಳೆಗಾಲ ಮುಗಿದು ದಸರಾ ರಜೆ ಆದ ಮೇಲೆ ಅಲ್ಲೇ ಮತ್ತೆ ಅಳೆಯುತ್ತೇವೆ. ಮಡಿಕೇರಿ ಕಡೆ ಯಾರ ಹತ್ತಿರವಾದರೂ 30 ಮೀಟರ್ ಟೇಪ್ ಇದ್ದರೆ ಎರಡು ದಿನದ ಮಟ್ಟಿಗೆ ಕೊಡುತ್ತೀರಾ? ಇಲ್ಲಿ ಮೆಸೇಜ್ ಹಾಕಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

ಗೇಟ್ ಡ್ಯೂಟಿ

ನನ್ನ ಹತ್ತಿರ ಇದೆ ಟೀಚರ್. ಬೇಲಿ ಅಳೆಯಲು ತಂದದ್ದು, ಮೊದಲ ಎರಡು ಮೀಟರಿನ ನಂಬರ್ ಸ್ವಲ್ಪ ಅಳಿಸಿದೆ, ಉಳಿದದ್ದು ಸರಿ ಇದೆ. ಮೆಸೇಜ್ ಹಾಕಿದ್ದೇನೆ ನೋಡಿ.